ಅಪ್ಪ-ಅಮ್ಮನಿಗೊಂದು ಎರಡು ದಿನದ ಪ್ರವಾಸ: ಯೋಜನೆ ನಿಮ್ಮದು



ಶಾಲಾ ಪ್ರವಾಸ ಬಂತೆಂದರೆ ಮನೆಯಲ್ಲಿ ಹಟ ಹಿಡಿದು ದುಡ್ಡು ಪಡೆಯುವುದು ನಿಮಗೆ ಗೊತ್ತು. ಈಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ತಂದೆ ತಾಯಿ ಇಬ್ಬರೇ, ಮದುವೆ ಮನೆಗಲ್ಲ, ತಿಥಿಗಲ್ಲ, ಆಸ್ಪತ್ರೆಗಲ್ಲ, ಸುಮ್ಮನೆ ನೋಡಿಬರಲೆಂದು ಕೊನೆಯ ಸಲ ಹೊರಟದ್ದು ಯಾವಾಗ? ನಿಮಗೆ ನೆನಪಿಲ್ಲದಿದ್ದರೆ ಅಮ್ಮನನ್ನು ಕೇಳಿ. ಬಹಳ ಮನೆಗಳಲ್ಲಿ ಉತ್ತರ, ನೀವು ಹುಟ್ಟುವ ಮುಂಚಿನದಾಗಿರುತ್ತದೆ. ಅಂಥ ಒಂದು ಪ್ರವಾಸವನ್ನು ನೀವೇ ಯೋಜನೆ ಮಾಡಿ ಕೊಡಬೇಕು ಎಂದುಕೊಳ್ಳಿ. ಎಲ್ಲಿಂದ ಆರಂಭಿಸುತ್ತೀರಿ?

ಯೂರೋಪಿನ ದೇಶಗಳಲ್ಲಿ ಇದೊಂದು ರೂಢಿಯೇ ಆಗಿದೆ. ಗಂಡ ಹೆಂಡತಿ ಶುಕ್ರವಾರ ಸಂಜೆ ಹೊರಟು ಪ್ರಾಗ್ ಅಥವಾ ಫ್ಲಾರೆನ್ಸ್‌ನಂಥ ಒಂದು ಊರಿಗೆ ಹೋಗುತ್ತಾರೆ. ಎರಡು ರಾತ್ರಿ ಅಲ್ಲೇ ಉಳಿಯುತ್ತಾರೆ. ಒಂದು ವಸ್ತುಸಂಗ್ರಹಾಲಯ, ಒಂದು ಹಳೆಯ ಚರ್ಚು, ಒಂದು ಸಂಗೀತ ಕಛೇರಿ ಮುಗಿಸಿ ಭಾನುವಾರ ಮನೆ ಸೇರುತ್ತಾರೆ. ನಾವು ಅವರಿಂದ ತೆಗೆದುಕೊಳ್ಳಬೇಕಾದದ್ದು ಆ ಊರುಗಳ ಹೆಸರನ್ನಲ್ಲ, 'ಒಂದೇ ಊರು' ಎಂಬ ಅವರ ಹಿಡಿತವನ್ನು. ನಮ್ಮಲ್ಲಿ ಒಂದು ದಿನಕ್ಕೆ ಒಂಬತ್ತು ಸ್ಥಳ ತೋರಿಸುವ ಬಸ್ಸುಗಳಿವೆ. ಸಂಜೆ ಇಳಿದವರಿಗೆ ಯಾವ ಗೋಪುರ ಯಾವ ಊರಿನದೆಂದು ಹೇಳಲು ಬರುವುದಿಲ್ಲ.

ಉದಾಹರಣೆಗೆ ಕೆ.ಆರ್.ಎಸ್. ಸುತ್ತಲಿನ ನಾಲ್ಕು ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ: ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. ನೋಡುವಂಥದ್ದು ಇಲ್ಲಿ ಎಷ್ಟಿದೆಯೆಂದರೆ ಆರಿಸುವುದೇ ಕಷ್ಟ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಆಸೆ.

ಡಿಸೆಂಬರಿನಲ್ಲಿ ಈ ಭಾಗದಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ. (ಅದೇ ತಿಂಗಳು ಲಂಡನ್ನಿಗೆ ಹೋದವರಿಗೆ ಎಂಟು ಗಂಟೆಯ ಹಗಲೂ ಸಿಗುವುದಿಲ್ಲ. ಭೂಮಿಯ ಅಕ್ಷ ಓರೆಯಾಗಿರುವುದರ ಫಲವನ್ನು ಪ್ರವಾಸಿಯೂ ಉಣ್ಣಬೇಕು.) ಎರಡು ದಿನಕ್ಕೆ 23 ಗಂಟೆ ಎನ್ನಿ. ಮೊದಲ ದಿನ ರೈಲು ಇಳಿಯುವುದು ಬೆಳಿಗ್ಗೆ ಒಂಬತ್ತಕ್ಕೆ, ಎರಡನೆಯ ದಿನ ಊರು ಬಿಡುವುದು ಸಂಜೆ ನಾಲ್ಕಕ್ಕೆ ಎಂದಾದರೆ ನಾಲ್ಕೂವರೆ ಗಂಟೆ ಕಳೆಯಿರಿ. ಊಟ, ತಿಂಡಿ, ಕಾಫಿಗೆ ದಿನಕ್ಕೆ ಎರಡು ಗಂಟೆ. ಬಸ್ಸಿಗೆ ಕಾಯುವುದು, ಹತ್ತುವುದು, ಇಳಿಯುವುದಕ್ಕೆಂದು ಒಟ್ಟು ಮೂರೂವರೆ ಗಂಟೆ. ಮಧ್ಯಾಹ್ನದ ವಿಶ್ರಾಂತಿ ದಿನಕ್ಕೆ ಎರಡು ಗಂಟೆ. ನಲವತ್ತು ದಾಟಿದವರಿಗೆ ಇದು ಸೋಮಾರಿತನವಲ್ಲ. ಉಳಿದದ್ದು ಏಳು ಗಂಟೆ. ಒಂದು ಸ್ಥಳವನ್ನು ನಿಧಾನವಾಗಿ ನೋಡಲು ಒಂದೂವರೆ ಗಂಟೆ ಇಟ್ಟರೆ ನಾಲ್ಕು ಸ್ಥಳ, ಹೆಚ್ಚೆಂದರೆ ಐದು. ನಿಮ್ಮ ಪಟ್ಟಿಯಲ್ಲಿ ಹನ್ನೆರಡು ಹೆಸರಿದ್ದರೆ ಏಳನ್ನು ಈಗಲೇ ಹೊಡೆದುಹಾಕಿ. ಯೋಜನೆ ಎಂಬುದರ ಮುಕ್ಕಾಲು ಭಾಗ ಹೊಡೆದುಹಾಕುವುದೇ.

ಎರಡನೆಯ ಲೆಕ್ಕ, ಬಾಗಿಲಿನದು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ. ಮಿಲಾನಿನಲ್ಲಿ ಲಿಯೊನಾರ್ಡೊ ಬರೆದ 'ಕೊನೆಯ ಭೋಜನ'ದ ಭಿತ್ತಿಚಿತ್ರ ನೋಡಲು ಮುಂಗಡವಾಗಿ ಸಮಯ ಗೊತ್ತುಮಾಡಿಕೊಂಡಿರಬೇಕು. ಒಳಗೆ ಬಿಡುವುದು ಕಾಲು ಗಂಟೆ ಮಾತ್ರ. ನಮ್ಮಲ್ಲಿ ಮಧ್ಯಾಹ್ನದ ಹೊತ್ತಿಗೆ ದೇವರು ವಿಶ್ರಾಂತಿಗೆ ಹೋಗುತ್ತಾನೆ. ಪೂಜೆ ನಡೆಯುವ ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿ ಮತ್ತೆ ತೆರೆಯುವುದು ಇಳಿಹೊತ್ತಿಗೆ. ಆದ್ದರಿಂದ ದೇವಸ್ಥಾನ ಬೆಳಿಗ್ಗೆ ಅಥವಾ ಸಂಜೆ. ಕೋಟೆ, ಅರಮನೆ, ಸಂಗ್ರಹಾಲಯ ನಡುಹಗಲು. ಹೊರಡುವ ಮುನ್ನ ಆಯಾ ಸ್ಥಳದ ರಜೆಯ ದಿನ, ತೆರೆಯುವ ಹೊತ್ತು ಎರಡನ್ನೂ ಫೋನು ಮಾಡಿ ಕೇಳಿ ಬರೆದಿಟ್ಟುಕೊಳ್ಳಿ.

ಮೊದಲ ದಿನಕ್ಕೆ ನಾನಾದರೆ ಶ್ರೀರಂಗಪಟ್ಟಣವನ್ನೇ ಇಡುತ್ತೇನೆ. ಬೆಂಗಳೂರು-ಮೈಸೂರು ರೈಲುಮಾರ್ಗದ ನಿಲ್ದಾಣವೇ ಕೋಟೆಯ ಒಳಗಿದೆ. ಇಳಿದರೆ ಪ್ರವಾಸ ಆರಂಭವಾದಂತೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ನಡುವಿನ ದ್ವೀಪ ಇದು. ರಂಗನಾಥಸ್ವಾಮಿ ದೇವಸ್ಥಾನದ ಮೂಲ ಗಂಗರ ಕಾಲದ್ದು, ಕ್ರಿ.ಶ. 894ರಷ್ಟು ಹಳೆಯದೆಂದು ಹೇಳುತ್ತಾರೆ. ಹೊಯ್ಸಳರು, ವಿಜಯನಗರದವರು, ಮೈಸೂರಿನವರು, ಹೈದರ್ ಎಲ್ಲರೂ ಅದಕ್ಕೆ ಏನಾದರೊಂದು ಸೇರಿಸಿದ್ದಾರೆ. 1610ರಲ್ಲಿ ರಾಜ ಒಡೆಯರು ಈ ಊರನ್ನು ಗೆದ್ದು ರಾಜಧಾನಿ ಮಾಡಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಇದೇ ಕೋಟೆಯಲ್ಲಿ ಹೋರಾಡುತ್ತಾ ಮಡಿದ. ದೇಹ ಸಿಕ್ಕಿದ ಜಾಗದಲ್ಲಿ ಕಲ್ಲು ನೆಟ್ಟಿದ್ದಾರೆ. ದೇವಸ್ಥಾನ, ಜುಮ್ಮಾ ಮಸೀದಿ, ಆ ಕಲ್ಲು ಮೂರೂ ನಡೆದು ಮುಟ್ಟುವಷ್ಟು ಹತ್ತಿರದಲ್ಲಿವೆ.

ವಿಜ್ಞಾನ ಓದುವವರು ನಿಲ್ದಾಣದ ಬಳಿಯ ಟಿಪ್ಪುವಿನ ಮದ್ದಿನ ಮನೆಯನ್ನು ಅಪ್ಪನಿಗೆ ತಪ್ಪದೆ ತೋರಿಸಲು ಹೇಳಿ. ರೈಲು ಜೋಡಿಮಾರ್ಗಕ್ಕೆ ಅದು ಅಡ್ಡವಾಗಿತ್ತು. ಒಡೆಯುವ ಬದಲು 2017ರಲ್ಲಿ ಇಡೀ ಕಟ್ಟಡವನ್ನು ಬುಡದಿಂದ ಬಿಡಿಸಿ, ಜಾಕ್‌ಗಳ ಮೇಲೆ ಎತ್ತಿ, ಉಕ್ಕಿನ ತೊಲೆಗಳ ಮೇಲೆ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಇಟ್ಟಿಗೆ-ಗಾರೆಯ ಗೋಡೆ ಭಾರವನ್ನು ಹೊರುತ್ತದೆ, ಬಾಗುವುದನ್ನು ತಾಳುವುದಿಲ್ಲ. ಒಂದು ಮೂಲೆ ಸ್ವಲ್ಪ ಮೇಲೆದ್ದರೂ ಬಿರುಕು ಬಿಡುತ್ತದೆ. ಆದ್ದರಿಂದ ಎಲ್ಲ ಜಾಕ್‌ಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಏಳಬೇಕಿತ್ತು. ನೋಡಲು ಏನೂ ಇಲ್ಲದ ಮೊದ್ದು ಕಟ್ಟಡ, ಆದರೆ ಕಥೆ ಗೊತ್ತಿದ್ದವರು ಹತ್ತು ನಿಮಿಷ ಸುತ್ತುತ್ತಾರೆ.

ಬಿಸಿಲೇರಿದ ಮೇಲೆ ದರಿಯಾ ದೌಲತ್. 1784ರ ಈ ತೇಗದ ಬೇಸಿಗೆಯರಮನೆಯ ಗೋಡೆ ತುಂಬ ಚಿತ್ರಗಳು. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗವಿದೆ. ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಸೈನ್ಯವನ್ನು ಮುರಿದದ್ದು. ಚಿತ್ರದಲ್ಲಿ ಮದ್ದಿನ ಗಾಡಿ ಸಿಡಿಯುವುದನ್ನೂ ಪಲ್ಲಕ್ಕಿಯೊಳಗೆ ಕುಳಿತ ಬೇಯ್ಲಿಯನ್ನೂ ಹುಡುಕಿ. ಆತ ಸೆರೆಯಾಗಿ ಇದೇ ಊರಿಗೆ ಬಂದು 1782ರಲ್ಲಿ ತೀರಿಕೊಂಡ. ಬಣ್ಣ ಮಾಸದಿರಲೆಂದು ಜಗಲಿಗೆ ತೆರೆ ಇಳಿಬಿಟ್ಟಿರುತ್ತಾರೆ, ಒಳಗೆ ಬೆಳಕು ಕಡಿಮೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಹೊಂದಿಕೊಳ್ಳಲು ಐದಾರು ನಿಮಿಷವಾದರೂ ಬೇಕು. ಜನ ಬರುತ್ತಾರೆ, 'ಏನೂ ಕಾಣುವುದಿಲ್ಲ' ಎಂದು ಹೊರಟುಬಿಡುತ್ತಾರೆ. ಅಪ್ಪ ಅಮ್ಮನಿಗೆ ಹೇಳಿ: ಮೊದಲು ಸುಮ್ಮನೆ ನಿಲ್ಲಿ, ಆಮೇಲೆ ನೋಡಿ.

ಸಂಜೆಗೆ ಕೆ.ಆರ್.ಎಸ್. ಎಲ್ಲರೂ ಹೋಗುವುದು ಬೃಂದಾವನದ ಕಾರಂಜಿಗೆ. ಹೋಗಲಿ, ಬೇಡವೆನ್ನಲಾರೆ, ರಜಾದಿನವಾದರೆ ನೂಕುನುಗ್ಗಲು. ನನ್ನ ಮಟ್ಟಿಗೆ ಬೆರಗು ಇರುವುದು ಕಟ್ಟೆಯಲ್ಲಿಯೇ. 1911ರಲ್ಲಿ ಕೆಲಸ ಆರಂಭವಾಗಿ ಮುಗಿಯಲು ಎರಡು ದಶಕ ಹಿಡಿದ ಈ ಕಟ್ಟೆಯನ್ನು ಸಿಮೆಂಟಿನಲ್ಲಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ್ದಾರೆ. ನೀರು ನಿಲ್ಲುವ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿ.ಎಂ.ಸಿ. ಹಿನ್ನೀರಿನಲ್ಲಿ ಕನ್ನಂಬಾಡಿ ಎಂಬ ಊರೇ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಎಷ್ಟೋ ವರ್ಷಗಳ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದ್ದಾರೆ. ಕಾರಂಜಿಯ ಬದಲು ಆ ದಡದಲ್ಲಿ ಸೂರ್ಯಾಸ್ತ ನೋಡುವುದಾದರೆ ವಾಹನ ಗೊತ್ತುಮಾಡಿಕೊಳ್ಳಬೇಕು.

ಎರಡನೆಯ ದಿನ ಮೇಲುಕೋಟೆ. ಶ್ರೀರಂಗಪಟ್ಟಣದಿಂದ ಸುಮಾರು 35 ಕಿ.ಮೀ., ದಾರಿಯಲ್ಲಿ ಪಾಂಡವಪುರ. ಹೈದರ್-ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದರಿಂದ ಆ ಊರಿಗೆ ಒಂದು ಕಾಲದಲ್ಲಿ 'ಫ್ರೆಂಚ್ ರಾಕ್ಸ್' ಎಂದೇ ಹೆಸರಿತ್ತು. ಸಾಧ್ಯವಾದರೆ ಹಿಂದಿನ ರಾತ್ರಿಯೇ ಮೇಲುಕೋಟೆ ಸೇರಿ ಯಾವುದಾದರೂ ಛತ್ರದಲ್ಲಿ ಉಳಿಯುವುದು ಮೇಲು. ಬೆಳಗಿನ ಆರೂವರೆಗೆ ಕಲ್ಯಾಣಿಯ ಮೆಟ್ಟಿಲ ಮೇಲೆ ಇಬ್ಬರೇ ಕುಳಿತಿರುವುದು ಯಾವ ಟಿಕೆಟ್ಟಿಗೂ ಸಿಗುವುದಲ್ಲ.

ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಹಲವು ವರ್ಷ ಇದ್ದ ಊರು. ಕೆಳಗೆ ಚೆಲುವನಾರಾಯಣ, ಬೆಟ್ಟದ ಮೇಲೆ ಯೋಗನರಸಿಂಹ. ಬೆಟ್ಟಕ್ಕೆ ನೂರಾರು ಮೆಟ್ಟಿಲು. ಅಮ್ಮನಿಗೆ ಮಂಡಿನೋವಿದ್ದರೆ ಇಲ್ಲಿಯೇ ಯೋಜನೆಯ ಪರೀಕ್ಷೆ. ಅರ್ಧದವರೆಗೆ ವಾಹನ ಹೋಗುತ್ತದೆ, ಉಳಿದದ್ದನ್ನು ಬಿಸಿಲೇರುವ ಮುಂಚೆ ಹತ್ತಬೇಕು. ಇಲ್ಲವೇ ಬೆಟ್ಟವನ್ನು ಬಿಟ್ಟು, ಕೆಳಗೆ ಅಕ್ಕ-ತಂಗಿ ಕೊಳಗಳನ್ನು ನೋಡಬೇಕು. ಪಕ್ಕಪಕ್ಕದ ಈ ಎರಡು ಕೊಳಗಳಲ್ಲಿ ಒಂದರ ನೀರು ಕುಡಿಯಲು ಸಿಹಿ, ಇನ್ನೊಂದರದು ಅಲ್ಲ ಎನ್ನುತ್ತಾರೆ ಊರವರು. 'ನಾನು ಕೆಳಗೇ ಇರುತ್ತೇನೆ, ನೀವು ಹೋಗಿಬನ್ನಿ' ಎಂಬ ಮಾತು ಬರದಂತೆ ನೋಡಿಕೊಳ್ಳಿ. ಬಹಳ ತಾಯಂದಿರು ಇಂಥ ಪ್ರವಾಸಗಳನ್ನು ಚೀಲ ಕಾಯುತ್ತಲೇ ಕಳೆದಿದ್ದಾರೆ.

ಉಳಿದಂತೆ, ಮುಗಿಯದೆ ನಿಂತ ರಾಯಗೋಪುರ; ಸಿನಿಮಾದವರಾಗಲಿ ನಮ್ಮ ಕ್ಯಾಮೆರಾದವರಾಗಲಿ ಅದನ್ನು ಬಿಟ್ಟವರಿಲ್ಲ. 1905ರಲ್ಲಿ ಇಲ್ಲಿ ಹುಟ್ಟಿದ ಕವಿ ಪು.ತಿ.ನ. ಅವರ ಮನೆ ಈಗ ಸ್ಮಾರಕ. ಕೈಮಗ್ಗದ ಪಂಚೆಗೂ ಪುಳಿಯೋಗರೆಗೂ ಊರು ಹೆಸರುವಾಸಿ. ವೈರಮುಡಿ ಉತ್ಸವದ ರಾತ್ರಿ ಮಾತ್ರ ಯೋಚಿಸಿ ಆರಿಸಿ. ಫಾಲ್ಗುಣದಲ್ಲಿ, ಮಂಡ್ಯದ ಖಜಾನೆಯಿಂದ ಕಾವಲಿನಲ್ಲಿ ಬರುವ ಆ ಕಿರೀಟವನ್ನು ನೋಡಲು ಅಪಾರ ಜನ ಸೇರುತ್ತಾರೆ. ಊರನ್ನು ನೋಡಬೇಕೆನ್ನುವವರಿಗೆ ಅದು ಸರಿಯಾದ ದಿನವಲ್ಲ. ಉತ್ಸವವನ್ನೇ ನೋಡಬೇಕೆನ್ನುವವರಿಗೆ ಬೇರೆ ದಿನವಿಲ್ಲ. ಇದನ್ನು ನೀವು ತೀರ್ಮಾನಿಸಬೇಡಿ, ಹೋಗುವವರನ್ನೇ ಕೇಳಿ.

ದೇವರಿಗಿಂತ ಶಿಲ್ಪ ಮುಖ್ಯ ಎನ್ನುವ ದಂಪತಿಗಳಾದರೆ, ಸ್ಕೂಟರೋ ಕಾರೋ ಇದ್ದರೆ, ಎರಡನೆಯ ದಿನವನ್ನು ಪೂರ್ತಿ ಕೃಷ್ಣರಾಜಪೇಟೆ ಕಡೆಗೆ ತಿರುಗಿಸಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ಕೈಗಳ ಕೆಲಸ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದಲ್ಲೂ ಇದೆ, ಜನಸಂದಣಿ ಇಲ್ಲದೆ. ಇದು ಹದಿಮೂರನೆಯ ಶತಮಾನದ ಮಧ್ಯಭಾಗದ್ದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಆ ನವುರು ಕೆತ್ತನೆ ಸಾಧ್ಯವಾಯಿತು. ಟಿ.ವಿ.ಯವರು ಕಲಿತ ಒಂದು ಗುಟ್ಟು ಹೇಳುತ್ತೇನೆ: ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಗೋಡೆಯ ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಎಂಟರ ಅಥವಾ ಸಂಜೆ ನಾಲ್ಕೂವರೆಯ ಓರೆ ಬೆಳಕಿನಲ್ಲಿ ನೆರಳು ಬಿದ್ದು ಪ್ರತಿಯೊಂದು ಬೆರಳೂ ಎದ್ದು ನಿಲ್ಲುತ್ತದೆ.

ಅಲ್ಲಿಂದ ಚನ್ನರಾಯಪಟ್ಟಣದ ದಾರಿಯಲ್ಲಿ ಕಿಕ್ಕೇರಿ. 1171ರ ಬ್ರಹ್ಮೇಶ್ವರ ದೇವಸ್ಥಾನವಿದೆ ಎನ್ನುವುದಕ್ಕಿಂತ, ಇಬ್ಬರೇ ಹೊರಟ ಗಂಡ ಹೆಂಡಿರಿಗೆ ಇದು ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು ಎನ್ನುವುದು ದೊಡ್ಡದು. ದಾಂಪತ್ಯದ ಒಲವನ್ನೇ ಹಾಡಿದ 'ಮೈಸೂರ ಮಲ್ಲಿಗೆ' 1942ರಲ್ಲಿ ಬಂತು. ಅದರ ಹಾಡು ನಿಮ್ಮ ಅಮ್ಮನಿಗೆ ಬಾಯಿಗೆ ಬರುತ್ತಿರಬಹುದು, ನಿಮ್ಮೆದುರು ಹಾಡಿರಲಾರರು ಅಷ್ಟೆ. ನಾಗಮಂಗಲದ ಸೌಮ್ಯಕೇಶವ, ಕಂಬದಹಳ್ಳಿಯ ಗಂಗರ ಕಾಲದ ಪಂಚಕೂಟ ಬಸದಿ ಎರಡೂ ಚೆನ್ನಾಗಿವೆ, ಆದರೆ ಮತ್ತೊಂದು ಪ್ರವಾಸಕ್ಕೆ ಉಳಿಸಿ.

ಕಾಲ ಯಾವುದು? ಆಗಸ್ಟ್ ಸುಮಾರಿಗೆ ಕಟ್ಟೆ ತುಂಬಿ ನದಿ ನೋಡುವಂತಿರುತ್ತದೆ; 2025ರಲ್ಲಿ ಜೂನ್ ಕೊನೆಗೇ ತುಂಬಿತ್ತು. ಆದರೆ ನೀರು ಹೆಚ್ಚು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳಲ್ಲಿ ಗೂಡು, ಮರಿ ನೋಡಬೇಕಾದರೆ ಫೆಬ್ರವರಿ-ಮಾರ್ಚ್ ವಾಸಿ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಖರ್ಚಿನ ವಿಷಯ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಗುರುತಿನ ಚೀಟಿ ಇರಬೇಕು. ಅಂದರೆ ಬಸ್ಸಿನಲ್ಲಿ ಹೋದರೆ ಖರ್ಚು ಅಪ್ಪನೊಬ್ಬನದೇ. ಉಳಿದುಕೊಳ್ಳುವ ಜಾಗವನ್ನು ಮಾತ್ರ ಮೊದಲೇ ಗೊತ್ತುಮಾಡಿ. ರಾತ್ರಿ ಎಂಟಕ್ಕೆ ಚೀಲ ಹಿಡಿದು ಬಾಗಿಲು ಬಾಗಿಲು ಕೇಳುತ್ತಾ ಹೋಗುವ ವಯಸ್ಸು ಅವರದಲ್ಲ.

ಇಷ್ಟೆಲ್ಲ ಹಾಳೆಯ ಮೇಲೆ ಸರಿಯಾಗಿ ಬಂದ ಮೇಲೆ ಅಪ್ಪ ಒಂದೇ ಮಾತು ಕೇಳುತ್ತಾರೆ: 'ಹಸು ಯಾರು ನೋಡುತ್ತಾರೆ?' ಮಂಡ್ಯ ಸೀಮೆಯಲ್ಲಿ ಎಷ್ಟೋ ಪ್ರವಾಸಗಳು ನಿಂತುಹೋಗಿರುವುದು ಈ ಪ್ರಶ್ನೆಯ ಎದುರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಕರೆದು ಡೇರಿಗೆ ಹಾಕಲೇಬೇಕು. ಪೇಟೆಯ ಮನೆಯಾದರೆ ಹಸುವಿನ ಬದಲು ಅಜ್ಜಿಯ ಮಾತ್ರೆ, ತಮ್ಮನ ಟ್ಯೂಷನ್ನು, ಬೆಳಗಿನ ನಲ್ಲಿ ನೀರು. ಹಾಗಾಗಿ ನಿಮ್ಮ ಯೋಜನೆಯ ಹಾಳೆಗೆ ಇನ್ನೊಂದು ಪುಟ ಬೇಕು, ಮನೆಯ ಪುಟ. ಎರಡು ದಿನ ಯಾವ ಹೊತ್ತಿಗೆ ಯಾವ ಕೆಲಸ, ಯಾರು ಮಾಡುತ್ತಾರೆ ಎಂದು ಅದರಲ್ಲಿ ಬರೆಯಿರಿ. ಹಸು ಹೊಸ ಕೈಗೆ ಹಾಲು ಬಿಡುವುದಿಲ್ಲ. ಪ್ರವಾಸಕ್ಕೆ ಒಂದು ವಾರ ಮೊದಲಿನಿಂದಲೇ ಅಮ್ಮನ ಜೊತೆ ಕೊಟ್ಟಿಗೆಗೆ ಹೋಗಿ ಕೂರಲು ಶುರುಮಾಡಿ.