ಹಡಗು ನಿಂತರೆ ಎಷ್ಟು ದಿನ? – ಲಕ್ಷದ್ವೀಪದ ಲೆಕ್ಕ

ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗಳಿಗೆ ಲೋಡು ಮಾಡುವುದನ್ನು ನೋಡಿದವರಿಗೆ ಲಕ್ಷದ್ವೀಪ ಹೊಸ ಹೆಸರಲ್ಲ. ತರಕಾರಿ, ಜಲ್ಲಿ, ಸಿಮೆಂಟು ಇಲ್ಲಿಂದ ಸಮುದ್ರ ದಾಟುತ್ತವೆ. ಕೊಚ್ಚಿ, ಬೇಪೂರಿನಿಂದಲೂ ಸಾಮಾನು ಹೋಗುತ್ತದೆ. ಮಳೆಗಾಲದಲ್ಲಿ, ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿ ಓಡಾಟ ಬಂದ್. ಆಗ ದೊಡ್ಡ ಹಡಗೇ ಗತಿ.

ಬಯಲುಸೀಮೆಯ ರಾಗಿ ಬೆಳೆಗಾರನಿಗೆ ದ್ವೀಪದ ಉಸಾಬರಿ ಯಾಕೆ ಅಂತ ಕೇಳಬಹುದು. ಹೊರಗಿನಿಂದ ಬರುವುದನ್ನೇ ನಂಬಿ ಬದುಕುವುದು ಹೇಗಿರುತ್ತದೆ ಅನ್ನುವುದು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ. ನಮ್ಮ ಹಳ್ಳಿಗಳಲ್ಲಿ ಅದು ಲಾರಿ ಧೂಳಿನಲ್ಲಿ ಮುಚ್ಚಿಹೋಗಿದೆ, ಅಷ್ಟೇ ವ್ಯತ್ಯಾಸ.

ನೆಲ ಕಡಿಮೆ, ಬಾಯಿ ಜಾಸ್ತಿ

ಇಡೀ ಲಕ್ಷದ್ವೀಪದ ನೆಲ 32 ಚದರ ಕಿಲೋಮೀಟರ್. ಜನ ಇರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಲ್ಲಿ 64,473 ಮಂದಿ. ತಲೆಗೆ ದಿನಕ್ಕೆ ಕಾಲು ಕಿಲೋ ಅಕ್ಕಿ ಹಿಡಿದರೂ ದಿನಕ್ಕೆ 16 ಟನ್ ಬೇಕು. ಮಳೆಗಾಲದ ನಾಲ್ಕು ತಿಂಗಳಿಗೇ 1,900 ಟನ್ ದಾಟುತ್ತದೆ. ಹವಳದ ಮರಳಿನಲ್ಲಿ ಗದ್ದೆ ಮಾಡಲಾಗದು. ಹಾಗಾಗಿ ಅಕ್ಕಿ ಹೊರಗಿನಿಂದಲೇ ಬರಬೇಕು.

ಇದು ಹಳೆಯ ಕತೆಯೇ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷರ ಕಾಲದಲ್ಲಿ ಆ ದ್ವೀಪಗಳ ತೆಂಗಿನ ನಾರಿನ ಹುರಿ ಸರಕಾರದ ಏಕಸ್ವಾಮ್ಯ. ದ್ವೀಪದವರು ಹುರಿ ತಂದು ಕೊಡಬೇಕು, ಅದಕ್ಕೆ ಬದಲು ಸ್ವಲ್ಪ ಹಣ, ಸ್ವಲ್ಪ ಅಕ್ಕಿ ತಗೊಂಡು ಹೋಗಬೇಕು. ಹುರಿಯ ರೇಟೂ ಅಕ್ಕಿಯ ರೇಟೂ ಕೊಳ್ಳುವವನ ಕೈಲೇ. ಮಂಡಿಗೆ ಮಾಲು ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಅಡಿಗೆ ನಲವತ್ತು ಅಡಿ

ಅಲ್ಲಿ ಹೊಳೆ ಇಲ್ಲ, ಕೆರೆಕಟ್ಟೆ ಇಲ್ಲ. ವರ್ಷಕ್ಕೆ ಸುಮಾರು 1,600 ಮಿ.ಮೀ. ಮಳೆ. ಅದು ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ, ಲೆಕ್ಕದ ಪ್ರಕಾರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಹುದು. ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದಂಗುಲ ಇಳಿಸಿದರೆ ಕೆಳಗಿನಿಂದ ಉಪ್ಪು 40 ಅಂಗುಲ ಮೇಲೇರುತ್ತದೆ. ಕೊಡಪಾನದಲ್ಲಿ ಸೇದುವ ಬಾವಿಗೆ ಇಲ್ಲದ ಅಪಾಯ ಮೋಟಾರಿಗೆ ಇದೆ.

ಇದಕ್ಕೆ ಪರಿಹಾರವಾಗಿ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಕೊಡುವ ಘಟಕ ಹಾಕಿದರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಕೆಲಸ. ಸಮುದ್ರದ ಮೇಲ್ಗಡೆಯ ಬೆಚ್ಚಗಿನ ನೀರನ್ನು ಗಾಳಿ ತೆಗೆದ ತೊಟ್ಟಿಗೆ ಬಿಟ್ಟರೆ ಕುದಿಸದೆಯೇ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ನೀರಾಗಿಸುತ್ತಾರೆ. 2011ರಲ್ಲಿ ಮಿನಿಕಾಯ್, ಅಗತ್ತಿಗೂ ಬಂತು. 2024ರ ಜನವರಿಯಲ್ಲಿ ಕಡಮತ್‌ನಲ್ಲಿ ದಿನಕ್ಕೆ ಒಂದೂವರೆ ಲಕ್ಷ ಲೀಟರಿನ ಘಟಕ ಉದ್ಘಾಟನೆಯಾಯಿತು.

ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಪಂಪು ತಿರುಗಲು ಕರೆಂಟು ಬೇಕು. ಅಲ್ಲಿ ಕರೆಂಟು ಬಹುಪಾಲು ಡೀಸೆಲ್ ಜನರೇಟರಿನದು. ಡೀಸೆಲ್ ಬರುವುದು ಹಡಗಿನಲ್ಲಿ. ಅಂದರೆ ಹಡಗು ನಿಂತರೆ ಡೀಸೆಲ್ ಇಲ್ಲ, ಡೀಸೆಲ್ ಇಲ್ಲದಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಘಟಕದ ನೀರಿಲ್ಲ. ಮೂರೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗಾಯಿತು.

ಅದಕ್ಕೇ ಸೂರಿನ ನೀರು ಹಿಡಿಯುವ ತೊಟ್ಟಿಯ ಬೆಲೆ ಅಲ್ಲಿ ದೊಡ್ಡದು. ಸಾವಿರ ಚದರ ಅಡಿ ಸೂರಿನ ಮೇಲೆ 1,600 ಮಿ.ಮೀ. ಮಳೆ ಬಿದ್ದರೆ ಹತ್ತಿರ ಹತ್ತಿರ ಒಂದೂವರೆ ಲಕ್ಷ ಲೀಟರ್. ಹಿಡಿದಷ್ಟು ನಮ್ಮದು. ಅದಕ್ಕೆ ಡೀಸೆಲ್ ಬೇಡ.

ಕಾವಲು ಯಾವುದಕ್ಕೆ?

2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪದ ಮೇಲೆ ಹಾದುಹೋಯಿತು. ತೆಂಗಿನ ಮರಗಳು ಉರುಳಿದವು. ಇಂಥ ಗಾಳಿ ಅಲೆಗೆ ಮೊದಲ ತಡೆ ಸಿಮೆಂಟಿನ ಗೋಡೆಯಲ್ಲ, ದ್ವೀಪದ ಸುತ್ತ ಇರುವ ಹವಳದ ದಿಬ್ಬ. ಅಲೆಯ ಜೋರು ಅಲ್ಲೇ ಮುರಿಯುತ್ತದೆ. ಆ ದಿಬ್ಬಕ್ಕೂ ಕಾಯಿಲೆ: ಸಮುದ್ರ ಬಿಸಿಯಾದ 1998, 2010, 2016ರಲ್ಲಿ ಹವಳ ಬಿಳಿಚಿ ಬಹಳಷ್ಟು ಸತ್ತಿತು. ನಮ್ಮ ಹೊಲದ ಬದು ಇದ್ದ ಹಾಗೆ ಇದು. ಇರುವಷ್ಟು ದಿನ ಯಾರೂ ಗಮನಿಸುವುದಿಲ್ಲ.

ಹೊಸ ವ್ಯವಸ್ಥೆಗಳೂ ಬಂದಿವೆ. 2024ರ ಜನವರಿಯಲ್ಲೇ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಉದ್ಘಾಟನೆ ಆಯಿತು. ಅಲ್ಲಿಯವರೆಗೆ ಫೋನು, ಇಂಟರ್ನೆಟ್ಟಿಗೆ ಉಪಗ್ರಹವೇ ಆಧಾರ. ಕವರತ್ತಿಗೆ ಬ್ಯಾಟರಿ ಸಮೇತ ಸೌರವಿದ್ಯುತ್ ಘಟಕವೂ ಬಂತು. ಇದು ಸರಿಯಾದ ದಾರಿ ಅಂತ ನನಗೆ ಅನಿಸುತ್ತದೆ. ಕೇಬಲ್ ಬಂತೆಂದು ಉಪಗ್ರಹ ಬಿಡಬಾರದು, ಘಟಕ ಬಂತೆಂದು ಬಾವಿಗೆ ಕಸ ಹಾಕಬಾರದು. ಎರಡು ಹಗ್ಗ ಇದ್ದರೆ ಒಂದು ಹರಿದರೂ ಬದುಕಬಹುದು.

ಕಡಿಮೆ ಮಾಡಬಹುದಾದದ್ದು

ಎಲ್ಲವನ್ನೂ ಅಲ್ಲೇ ಬೆಳೀತೀವಿ ಅನ್ನುವುದು ಆಗದ ಮಾತು. ಹಿಂದಿನವರು ದ್ವೀಪದ ನಡುವೆ ಮಣ್ಣು ತೋಡಿ, ತಗ್ಗು ಮಾಡಿ, ತೇವದ ಹತ್ತಿರಕ್ಕೆ ಇಳಿದು ಒರಟು ಧಾನ್ಯ, ಬೇಳೆಕಾಳು, ಬಾಳೆ, ತರಕಾರಿ ಬೆಳೆದಿದ್ದರು. ತೆಂಗು, ಟ್ಯೂನಾ ಮೀನು ಬೇಕಾದಷ್ಟಿದೆ. ಮೀನನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ ಮಾಡುವ ‘ಮಾಸ್’ಗೆ ಐಸೂ ಬೇಡ, ಕರೆಂಟೂ ಬೇಡ. 2020ರಲ್ಲಿ ಇಡೀ ಲಕ್ಷದ್ವೀಪವನ್ನು ಸಾವಯವ ಪ್ರದೇಶವೆಂದು ಘೋಷಿಸಿದರು. ಹಾಗಾಗಿ ಗೊಬ್ಬರದ ಮೂಟೆಯೂ ಹಡಗು ಹತ್ತಬೇಕಾಗಿಲ್ಲ. ಅಕ್ಕಿ ತರಲೇಬೇಕು. ಆದರೆ ತರಕಾರಿ, ಎಣ್ಣೆ, ನೀರು, ಕರೆಂಟು ಇವುಗಳಲ್ಲಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿದರೂ ಹಡಗಿನಲ್ಲಿ ಅಕ್ಕಿಗೆ, ಔಷಧಿಗೆ ಜಾಗ ಉಳಿಯುತ್ತದೆ.

ನಮ್ಮ ಪಟ್ಟಿ

ನಮ್ಮ ಮನೆಯಲ್ಲೂ ಒಂದು ಪಟ್ಟಿ ಬರೆದೆವು. ಹೊರಗಿನಿಂದ ಬರುವ ಪ್ರತಿಯೊಂದರ ಮುಂದೆ, ಅದು ನಿಂತರೆ ಎಷ್ಟು ದಿನ ತಡೆದೇವು ಅಂತ ಬರೆಯುವುದು. ರಾಗಿ, ಅವರೆ ವರ್ಷಕ್ಕೆ ಸಾಕು. ಅಡುಗೆ ಎಣ್ಣೆ 20 ದಿನ. ಬೋರ್‌ವೆಲ್ ಬಿಟ್ಟರೆ ಕುಡಿಯುವ ನೀರು ಎರಡು ದಿನ. ಮನೆಯವಳು ಪಟ್ಟಿ ನೋಡಿ, “ನೀರಿಂದ ಶುರು ಮಾಡಿ, ಉಳಿದದ್ದು ಆಮೇಲೆ” ಅಂದಳು. ಈಗ ಸೂರಿಗೆ ದೋಣಿ ಕಟ್ಟಿ ತೊಟ್ಟಿಗೆ ಬಿಟ್ಟಿದ್ದೇವೆ. ರಾಗಿಯ ಅಕ್ಕಡಿ ಸಾಲಿಗೆ ಈ ಸಾರಿ ಹುಚ್ಚೆಳ್ಳು ಸೇರಿದೆ.

ನೀವೂ ಒಮ್ಮೆ ಬರೆದು ನೋಡಿ. ಅರ್ಧ ಗಂಟೆಯ ಕೆಲಸ. ಯಾವುದರ ಮುಂದೆ ಕಡಿಮೆ ದಿನ ಬರುತ್ತದೋ, ಈ ವರ್ಷ ಅದೊಂದನ್ನು ಹಿಡಿಯಿರಿ.