ಎಣ್ಣೆಹನಿಯೂ ಬೆಳಕಿನ ವೇಗವೂ
ವಿದ್ಯುತ್ ಕ್ಷೇತ್ರದ ಹಳೆಯ ಅಳತೆ, ಹೊಸ ಅಳತೆ

ಗ್ರಂಥಾಲಯದಲ್ಲಿರುವ ಹಳೆಯ ಭೌತಶಾಸ್ತ್ರದ ಪುಸ್ತಕಗಳಲ್ಲಿ ಇಂತಹ ಪ್ರಶ್ನೆಯೊಂದು ಕಣ್ಣಿಗೆ ಬೀಳುವುದುಂಟು: ಒಂದು ಮೈಕ್ರಾನ್ ತ್ರಿಜ್ಯವುಳ್ಳ ಎಣ್ಣೆಹನಿಯ ಮೇಲೆ ಒಂದು ಎಲೆಕ್ಟ್ರಾನಿನಷ್ಟು ಆವೇಶವಿದೆ. ಅದನ್ನು ಮೇಲಕ್ಕೆತ್ತುವ ವಿದ್ಯುತ್ ಕ್ಷೇತ್ರದ ತೀವ್ರತೆ 10 ಏಕಮಾನ. ಹನಿ ಮೇಲೇರುವುದೋ, ಕೆಳಗಿಳಿಯುವುದೋ?

ಅಮೆರಿಕದ ವಿಜ್ಞಾನಿ ರಾಬರ್ಟ್ ಮಿಲಿಕನ್ನನು ಎಲೆಕ್ಟ್ರಾನಿನ ಆವೇಶವನ್ನು ಅಳೆಯಲು 1909ರಿಂದ ನಡೆಸಿದ ಪ್ರಸಿದ್ಧ ಪ್ರಯೋಗವೇ ಈ ಪ್ರಶ್ನೆಗೆ ಮೂಲ. ಇಂದಿನ ವಿದ್ಯಾರ್ಥಿಯು ಆ 10ನ್ನು ಮೀಟರಿಗೆ 10 ವೋಲ್ಟ್ ಎಂದು ಓದಿಕೊಂಡು ಲೆಕ್ಕ ಮಾಡುವನೆನ್ನೋಣ. ಎಲೆಕ್ಟ್ರಾನಿನ ಆವೇಶ 1.6 × 10⁻¹⁹ ಕೂಲಾಂ. ಆದುದರಿಂದ ಬಲವು 1.6 × 10⁻¹⁸ ನ್ಯೂಟನ್. ಎಣ್ಣೆಯ ಸಾಂದ್ರತೆ ನೀರಿನದರ ಹತ್ತರಲ್ಲಿ ಒಂಬತ್ತು ಪಾಲೆಂದು ಹಿಡಿದರೆ, ಹನಿಯ ತೂಕವು ಸುಮಾರು 3.7 × 10⁻¹⁴ ನ್ಯೂಟನ್. ವಿದ್ಯುತ್ ಬಲವು ತೂಕದ ಇಪ್ಪತ್ತು ಸಾವಿರದಲ್ಲೊಂದು ಪಾಲೂ ಆಗಲಿಲ್ಲ. ಹನಿ ಬಿದ್ದೇ ಬೀಳುವುದೆಂದು ವಿದ್ಯಾರ್ಥಿ ಬರೆಯುವನು. ಆದರೆ ಪುಸ್ತಕದ ಕೊನೆಯಲ್ಲಿರುವ ಉತ್ತರ: ಹನಿ ಮೇಲೇರುತ್ತದೆ!

ಗುಣಾಕಾರದಲ್ಲಿ ದೋಷವಿಲ್ಲ; ದೋಷವಿರುವುದು ಅಳತೆಯಲ್ಲಿ. ಅಜ್ಜನ ಕಾಲದ ಲೆಕ್ಕದ ಪುಸ್ತಕದಲ್ಲಿ ಹತ್ತು ಸೇರು ಎಂದಿದ್ದುದನ್ನು ಹತ್ತು ಕಿಲೋಗ್ರಾಂ ಎಂದು ಓದಿದಂತಾಯಿತು.

ಹಳೆಯ ಪುಸ್ತಕಗಳು ಸೆಂಟಿಮೀಟರ್, ಗ್ರಾಂ, ಸೆಕೆಂಡುಗಳನ್ನು ಆಧಾರವಾಗಿಟ್ಟುಕೊಂಡ ಸಿ.ಜಿ.ಎಸ್. ಪದ್ಧತಿಯನ್ನು ಅನುಸರಿಸುತ್ತಿದ್ದುವು. ಅದರಲ್ಲಿ ಬಲದ ಏಕಮಾನ ಡೈನ್. ನಿರ್ವಾತದಲ್ಲಿ ಒಂದು ಸೆಂಟಿಮೀಟರ್ ದೂರದಲ್ಲಿರುವ ಎರಡು ಸಮಾನ ಆವೇಶಗಳು ಪರಸ್ಪರ ಒಂದು ಡೈನ್ ಬಲದಿಂದ ವಿಕರ್ಷಿಸಿದರೆ, ಪ್ರತಿಯೊಂದು ಆವೇಶವನ್ನೂ ಒಂದು ಸ್ಥಿರವಿದ್ಯುತ್ ಏಕಮಾನವೆಂದು ಕರೆಯುವರು. ಅಂತಹ ಏಕಮಾನ ಆವೇಶದ ಮೇಲೆ ಒಂದು ಡೈನ್ ಬಲವನ್ನು ಬೀರುವ ಕ್ಷೇತ್ರದ ತೀವ್ರತೆಯೇ 1. ಇದನ್ನೇ ಸೆಂಟಿಮೀಟರಿಗೆ ಒಂದು ಸ್ಟ್ಯಾಟ್‌ವೋಲ್ಟ್ ಎಂದೂ ಹೇಳುವುದುಂಟು.

ಈಗ ಇದನ್ನು ಹೊಸ ಅಳತೆಗೆ ಪರಿವರ್ತಿಸೋಣ. ಒಂದು ಡೈನ್ ಎಂದರೆ ನ್ಯೂಟನ್ನಿನ ಲಕ್ಷದಲ್ಲೊಂದು ಪಾಲು. ಒಂದು ಕೂಲಾಂ ಎಂದರೆ ಸುಮಾರು 3 × 10⁹ ಸ್ಥಿರವಿದ್ಯುತ್ ಏಕಮಾನಗಳು. ಏಕಮಾನ ಆವೇಶದ ಮೇಲೆ 10⁻⁵ ನ್ಯೂಟನ್ ಬಲವಿದ್ದರೆ, ಒಂದು ಕೂಲಾಂ ಆವೇಶದ ಮೇಲೆ ಅದರ 3 × 10⁹ ಪಟ್ಟು, ಅಂದರೆ 30,000 ನ್ಯೂಟನ್ ಬಲವಿರುವುದು. ಕೂಲಾಂಗೆ ಒಂದು ನ್ಯೂಟನ್ ಎಂದರೂ ಮೀಟರಿಗೆ ಒಂದು ವೋಲ್ಟ್ ಎಂದರೂ ಒಂದೇ. ಆದುದರಿಂದ ಹಳೆಯ ಒಂದು ಏಕಮಾನವು ಮೀಟರಿಗೆ 30,000 ವೋಲ್ಟಿಗೆ ಸಮ. ಹಳೆಯದರಿಂದ ಹೊಸದಕ್ಕೆ ಬರುವಾಗ 30,000ದಿಂದ ಗುಣಿಸಬೇಕು. ಹೊಸದರಿಂದ ಹಳೆಯದಕ್ಕೆ ಹೋಗುವಾಗ ಅದರಿಂದಲೇ ಭಾಗಿಸಬೇಕು.

ನಮ್ಮ ಎಣ್ಣೆಹನಿಗೆ ಮರಳೋಣ. 10 ಏಕಮಾನವೆಂದರೆ ಮೀಟರಿಗೆ 3 ಲಕ್ಷ ವೋಲ್ಟ್; ಒಂದು ಸೆಂಟಿಮೀಟರ್ ಅಂತರದ ಫಲಕಗಳ ನಡುವೆ 3,000 ವೋಲ್ಟ್ ಇಟ್ಟಂತೆ. ಆಗ ಬಲವು 4.8 × 10⁻¹⁴ ನ್ಯೂಟನ್. ತೂಕಕ್ಕಿಂತ ಇದು ಹೆಚ್ಚು, ಹನಿ ಮೇಲೇರಲೇಬೇಕು. ಹಳೆಯ ಪದ್ಧತಿಯಲ್ಲೇ ಲೆಕ್ಕವಿಟ್ಟರೂ ಎಲೆಕ್ಟ್ರಾನಿನ ಆವೇಶ 4.8 × 10⁻¹⁰ ಏಕಮಾನ. 10ರಿಂದ ಗುಣಿಸಿದರೆ 4.8 × 10⁻⁹ ಡೈನ್. ಎರಡೂ ಒಂದೇ ಬಲ. ಪ್ರಕೃತಿಗೆ ನಮ್ಮ ಏಕಮಾನಗಳ ಗೊಡವೆಯಿಲ್ಲ.

ಆದರೆ ಆ 3 ಎಂಬ ಅಂಕಿ ಎಲ್ಲಿಂದ ಬಂತು? ಸಾವಿರ, ಲಕ್ಷಗಳಾದರೋ ಮೀಟರನ್ನು ಸೆಂಟಿಮೀಟರ್ ಮಾಡಿದಾಗ ತಾವಾಗಿಯೇ ಬರುವುವು. ಈ 3 ಹಾಗೆ ಬಂದುದಲ್ಲ. ಇದರ ಹಿಂದೆ ಒಂದು ಮಹತ್ತರವಾದ ಕಥೆಯಿದೆ.

ಆವೇಶವನ್ನು ಅಳೆಯಲು ಎರಡು ಮಾರ್ಗಗಳಿದ್ದುವು. ನಿಂತ ಆವೇಶಗಳ ವಿಕರ್ಷಣೆಯಿಂದ ಅಳೆಯುವುದು ಒಂದು. ಹರಿಯುವ ಆವೇಶದ ಕಾಂತಪ್ರಭಾವದಿಂದ ಅಳೆಯುವುದು ಇನ್ನೊಂದು. ಜರ್ಮನಿಯ ವೆಬರ್ ಮತ್ತು ಕೋಲ್‌ರೌಶ್ ಎಂಬ ವಿಜ್ಞಾನಿಗಳು ಲೇಡನ್ ಜಾಡಿಯ ಆವೇಶವನ್ನು ಮೊದಲ ಮಾರ್ಗದಿಂದ ಅಳೆದು, ಬಳಿಕ ಅದನ್ನು ತಂತಿಯ ಸುರುಳಿಯ ಮೂಲಕ ಹರಿಯಿಸಿ ಎರಡನೆಯ ಮಾರ್ಗದಿಂದ ಅಳೆದು, 1856ರಲ್ಲಿ ಎರಡರ ನಿಷ್ಪತ್ತಿಯನ್ನು ಪ್ರಕಟಿಸಿದರು. ಆ ನಿಷ್ಪತ್ತಿಯು ಒಂದು ವೇಗದ ರೂಪದಲ್ಲಿತ್ತು: ಸೆಕೆಂಡಿಗೆ ಸುಮಾರು 3,10,000 ಕಿಲೋಮೀಟರ್. ಫ್ರಾನ್ಸಿನ ಫಿಜೋ 1849ರಲ್ಲಿ ಹಲ್ಲುಚಕ್ರದ ಸಹಾಯದಿಂದ ಅಳೆದಿದ್ದ ಬೆಳಕಿನ ವೇಗಕ್ಕೆ ಇದು ಅತಿ ಸಮೀಪವಾಗಿತ್ತು. ಈ ಹೊಂದಿಕೆಯನ್ನು ಮ್ಯಾಕ್ಸ್‌ವೆಲ್ಲನು ಕಾಕತಾಳೀಯವೆಂದು ಬಗೆಯಲಿಲ್ಲ. ಬೆಳಕೇ ವಿದ್ಯುತ್ಕಾಂತ ತರಂಗವೆಂಬ ಸಿದ್ಧಾಂತಕ್ಕೆ ಅವನು ಬಂದನು. ನಾವು ಕೋಷ್ಟಕದಿಂದ ನಕಲು ಮಾಡಿಕೊಳ್ಳುವ 3, ಬೆಳಕಿನ ವೇಗದ ಮೊದಲ ಅಂಕಿಯೇ ಆಗಿದೆ!

ಬೆಳಕಿನ ವೇಗವು ಸೆಕೆಂಡಿಗೆ 2,99,792.458 ಕಿಲೋಮೀಟರ್ ಆದುದರಿಂದ, ಸೂಕ್ಷ್ಮ ಲೆಕ್ಕಕ್ಕೆ 30,000ದ ಬದಲು 29,979.2458 ಎಂದು ಹಿಡಿಯಬೇಕು. ವ್ಯತ್ಯಾಸ ಸಾವಿರದಲ್ಲೊಂದು ಪಾಲಿಗಿಂತ ಕಡಮೆ. 2019ರಲ್ಲಿ ಎಲೆಕ್ಟ್ರಾನಿನ ಆವೇಶದ ಬೆಲೆಯನ್ನೇ ಸ್ಥಿರಪಡಿಸಿ ಕೂಲಾಂನ ವ್ಯಾಖ್ಯೆಯನ್ನು ಬದಲಿಸಿದುದರಿಂದ, ಈ ಸಂಖ್ಯೆಯೂ ಈಗ ಪ್ರಯೋಗದಿಂದ ತಿಳಿಯಬೇಕಾದುದಾಗಿದೆ; ಆದರೆ ಅದರಿಂದಾಗುವ ಅಂತರ ಕೋಟಿಯಲ್ಲೊಂದು ಪಾಲಿಗಿಂತಲೂ ಬಹಳ ಕಡಮೆ.

ಇನ್ನೆರಡು ಉದಾಹರಣೆಗಳು ಈ ಅಳತೆಗಳನ್ನು ಮನಸ್ಸಿನಲ್ಲಿ ನಿಲ್ಲಿಸಬಲ್ಲುವು. ನಿರ್ಮಲವಾದ ದಿನ ನೆಲದ ಬಳಿಯ ವಾಯುಮಂಡಲದಲ್ಲಿ ಮೀಟರಿಗೆ ಸುಮಾರು 100 ವೋಲ್ಟಿನ ಕ್ಷೇತ್ರವಿರುತ್ತದೆ. ಹಳೆಯ ಏಕಮಾನದಲ್ಲಿ ಇದು ಮುನ್ನೂರರಲ್ಲೊಂದು ಪಾಲು. ಒಣಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಹಳೆಯ ಲೆಕ್ಕದಲ್ಲಿ ಅದು ಬರಿಯ 100.

ಕೊನೆಯದಾಗಿ ಒಂದು ಎಚ್ಚರಿಕೆಯ ಮಾತು. ಸಂಖ್ಯೆಯನ್ನು ಬದಲಿಸಿದಾಗ ಸೂತ್ರವನ್ನೂ ಬದಲಿಸಬೇಕು. ಹಳೆಯ ಪದ್ಧತಿಯ ಕೂಲಾಂ ನಿಯಮದಲ್ಲಿ ಗುಣಕವು 1. ಹೊಸದರಲ್ಲಿ ಅದು ಸುಮಾರು 9 × 10⁹. ಒಂದರ ಸಂಖ್ಯೆಯನ್ನು ಇನ್ನೊಂದರ ಸೂತ್ರಕ್ಕೆ ತುಂಬಿದರೆ ಮೇಲೇರಬೇಕಾದ ಹನಿ ಕೆಳಗೆ ಬೀಳುತ್ತದೆ. ಆದುದರಿಂದ ಹಳೆಯ ಪುಸ್ತಕವನ್ನು ತೆರೆದಾಗ ಸಂಖ್ಯೆಯನ್ನು ಓದುವ ಮೊದಲು ಅದರ ಏಕಮಾನವನ್ನು ಓದೋಣ.