ಗಾಲಿಯ ನಡುವಣ ಉಕ್ಕಿನ ಬಳೆ

ಮೋಟಾರು ವಾಹನದ ಗಾಲಿಯ ನಟ್ಟನಡುವೆ, ಅಚ್ಚಿನ ತುದಿ ಹೊರಗೆ ಇಣುಕುವ ತೂತನ್ನು ಮುಚ್ಚಲು ಕೂರಿಸುವ ಬಿಲ್ಲೆಯಾಕಾರದ ಮುಚ್ಚಳಕ್ಕೆ ಸೆಂಟರ್ ಕ್ಯಾಪ್ ಎಂದು ಹೆಸರು. ಆ ಮುಚ್ಚಳ ಓಟದ ರಭಸಕ್ಕೆ ಕಳಚಿ ಹಾರದಂತೆ ಹಿಂಬದಿಯಿಂದ ಹಿಡಿದುಕೊಳ್ಳುವ ಸ್ಪ್ರಿಂಗ್ ಉಕ್ಕಿನ ಬಳೆಗೆ, ಕೆಲವೆಡೆ ಕ್ಲಿಪ್ಪಿಗೆ, ರಿಟೇನರ್ ಎನ್ನುತ್ತಾರೆ. ಎತ್ತಿನ ಬಂಡಿಯ ಗಾಲಿಯಲ್ಲಿ ಗುಂಬ, ಅಚ್ಚು, ಕಡಾಣಿ ಎಂದು ಒಂದೊಂದು ಭಾಗಕ್ಕೂ ಬೇರೆ ಬೇರೆ ಹೆಸರಿಟ್ಟ ಕನ್ನಡದಲ್ಲಿ ಈ ಬಳೆಗೆ ಸಮನಾದ ಪದವಿಲ್ಲ, ಏಕೆಂದರೆ ಬಂಡಿಯ ಗಾಲಿಗೆ ಇಂಥ ಮುಚ್ಚಳವೇ ಇರಲಿಲ್ಲ. ಕಡಾಣಿ ಕಳಚಿದರೆ ಗಾಲಿಯೇ ಕಳಚುತ್ತದೆ. ರಿಟೇನರ್ ಕಳಚಿದರೆ ಬೀಳುವುದು ಮುಚ್ಚಳ ಮಾತ್ರ. ಹಾಗಿದ್ದರೂ ಹಳೆಯ ವಾಹನಗಳನ್ನು ಮೂಲರೂಪದಲ್ಲಿ ಉಳಿಸಿಕೊಳ್ಳುವವರ ನಡುವೆ ಈ ಬಳೆಯನ್ನು ಹುಡುಕುವುದು ಮತ್ತು ಸರಿಯಾಗಿ ಕೂರಿಸುವುದು ಒಂದು ಪ್ರತ್ಯೇಕ ಕುಶಲತೆಯಾಗಿ ಬೆಳೆದಿದೆ. ಅಮೆರಿಕದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿರುವ ಜರ್ಮನಿಯ ವ್ಯಾನಗನ್ ವ್ಯಾನು ಅದಕ್ಕೆ ತಕ್ಕ ನಿದರ್ಶನ.

ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತಯಾರಿಸತೊಡಗಿದ ಟ್ರಾನ್ಸ್‌ಪೋರ್ಟರ್ ವ್ಯಾನಿನ ಮೂರನೆಯ ತಲೆಮಾರು 1979ರಲ್ಲಿ ಹೊರಬಂದಿತು. ಎಂಜಿನ್ನು ಹಿಂಭಾಗದಲ್ಲಿರುವ ಈ ವಾಹನವನ್ನು ಜರ್ಮನಿಯಲ್ಲಿ ಟಿ3 ಎಂದೂ ಬ್ರಿಟನ್ನಿನಲ್ಲಿ ಟಿ25 ಎಂದೂ ಕರೆದರೆ, ಅಮೆರಿಕದ ಮಾರುಕಟ್ಟೆಯಲ್ಲಿ ವ್ಯಾನ್ ಮತ್ತು ಸ್ಟೇಷನ್ ವ್ಯಾಗನ್ ಎಂಬೆರಡು ಪದಗಳನ್ನು ಬೆಸೆದು ವ್ಯಾನಗನ್ ಎಂದು ಹೆಸರಿಟ್ಟರು; ಅಲ್ಲಿ ಅದು 1980ರಿಂದ 1991ರವರೆಗಿನ ಮಾದರಿ ವರ್ಷಗಳಲ್ಲಿ ಮಾರಾಟವಾಯಿತು. ಹ್ಯಾನೋವರ್ ಕಾರ್ಖಾನೆಯಲ್ಲಿ ಇದರ ಸಾಮಾನ್ಯ ಮಾದರಿಗಳ ತಯಾರಿಕೆ 1990ರಲ್ಲಿ ನಿಂತಿತು. ನಾಲ್ಕೂ ಗಾಲಿಗಳಿಗೆ ಬಲ ಹಂಚುವ ಸಿಂಕ್ರೊ ಮಾದರಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ 1992ರವರೆಗೆ ತಯಾರಾಯಿತು, ದಕ್ಷಿಣ ಆಫ್ರಿಕಾದಲ್ಲಂತೂ ಈ ವ್ಯಾನು 2002ರವರೆಗೂ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ತಯಾರಿಕೆಯ ನೆಲ ಹೀಗೆ ಮೂರು ಕಡೆ ಹರಡಿದ್ದರಿಂದ ಗಾಲಿಗಳೂ ಅವುಗಳ ಮುಚ್ಚಳಗಳೂ ಒಂದೇ ಬಗೆಯವಾಗಿ ಉಳಿಯಲಿಲ್ಲ. ಅದರ ಜೊತೆಗೆ, ತಯಾರಾಗಿ 25 ವರ್ಷ ಕಳೆದ ವಾಹನವನ್ನು ಅಮೆರಿಕದ ಸುರಕ್ಷತಾ ಮಾನದಂಡಗಳಿಗೆ ಒಗ್ಗಿಸದೆಯೇ ತರಿಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುವುದರಿಂದ, ಮೊದಲು ಆ ದೇಶದಲ್ಲಿ ಮಾರಾಟವೇ ಆಗದಿದ್ದ ಯುರೋಪಿನ ಮಾದರಿಗಳೂ ಈಗ ಅಲ್ಲಿಗೆ ಬಂದಿಳಿಯುತ್ತಿವೆ. ಹಾಗೆ ಬಂದ ವ್ಯಾನಿನ ಗಾಲಿಗೆ ಯಾವ ಬಳೆ ಬೇಕೆಂಬುದನ್ನು ಅಮೆರಿಕದ ಮಾದರಿಗಳಿಗೆಂದೇ ಸಿದ್ಧಪಡಿಸಿದ ಬಿಡಿಭಾಗಗಳ ಪಟ್ಟಿ ನೋಡಿ ನಿರ್ಧರಿಸಲಾಗದು.

ಬಳೆಯ ಕೆಲಸ ತಿಳಿಯಬೇಕಾದರೆ ಮುಚ್ಚಳದ ಹಿಂದೆ ಏನಿದೆ ಎಂಬುದನ್ನು ನೋಡಬೇಕು. ಈ ವ್ಯಾನಿನ ಹಿಂದಿನ ಗಾಲಿಯ ನಡುವೆ ಅಚ್ಚಿನ ತುದಿಗೆ ಒಂದು ದೊಡ್ಡ ನಟ್ಟು ಇರುತ್ತದೆ. ಅದರ ತಲೆ ಕೋಟೆಯ ತೆನೆಗಳಂತೆ ಸೀಳಿರುವುದರಿಂದ ಕ್ಯಾಸಲ್ ನಟ್ಟು ಎಂದು ಹೆಸರು, ಆ ಸೀಳಿನೊಳಗೆ ತೂರಿಸಿದ ಕವಲು ಪಿನ್ನು ನಟ್ಟು ತಾನಾಗಿ ತಿರುಗದಂತೆ ತಡೆಯುತ್ತದೆ. ಅದನ್ನು ಬಿಗಿಯಬೇಕಾದದ್ದು ಸುಮಾರು 500 ನ್ಯೂಟನ್ ಮೀಟರ್ ತಿರುಚುಬಲದಲ್ಲಿ, ಅಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಗೆ ಐವತ್ತು ಕಿಲೋ ಭಾರ ತೂಗಿಬಿಟ್ಟರೆ ಎಷ್ಟು ತಿರುಚು ಬೀಳುತ್ತದೋ ಹೆಚ್ಚುಕಡಿಮೆ ಅಷ್ಟು. ಸಾಮಾನ್ಯ ಮಾದರಿಗಳ ಮುಂದಿನ ಗಾಲಿಗಳಲ್ಲಿ ಈ ನಟ್ಟಿನ ಬದಲು ಬೇರಿಂಗಿನ ಗ್ರೀಸನ್ನು ಕಾಯುವ ತಗಡಿನ ಟೋಪಿಯೊಂದು ಕಾಣುತ್ತದೆ, ಮುಂದಿನ ಎಡಗಾಲಿಯ ಟೋಪಿಗೋ ಇನ್ನೂ ಒಂದು ಹೊಣೆ ಸೇರಿದೆ. ವೇಗ ತೋರಿಸುವ ಮೀಟರಿನ ಕೇಬಲ್ಲು ಆ ಗಾಲಿಯ ಅಚ್ಚಿನೊಳಗಿನಿಂದಲೇ ಹಾದುಬಂದು, ಅದರ ಚೌಕ ತುದಿ ಟೋಪಿಯ ನಡುವಿನ ಚೌಕ ರಂಧ್ರದಲ್ಲಿ ಕುಳಿತು, ಸಣ್ಣದೊಂದು ಕೊಂಡಿಯಿಂದ ನಿಲ್ಲುತ್ತದೆ. ಗಾಲಿ ತಿರುಗಿದಂತೆ ಟೋಪಿ ತಿರುಗಿ, ಟೋಪಿ ಕೇಬಲ್ಲನ್ನು ತಿರುಗಿಸುತ್ತದೆ. ಸೆಂಟರ್ ಕ್ಯಾಪನ್ನು ಸ್ಕ್ರೂಡ್ರೈವರಿನಿಂದ ಒರಟಾಗಿ ಎಬ್ಬುವಾಗ ಈ ಕೊಂಡಿಗೆ ಪೆಟ್ಟು ಬಿದ್ದರೆ ಮೀಟರಿನ ಮುಳ್ಳು ಸೊನ್ನೆಯಲ್ಲೇ ನಿಂತುಬಿಡುತ್ತದೆ. ಬೇರಿಂಗನ್ನು ನಿಜವಾಗಿ ಕಾಯುವುದು ಒಳಗಿನ ಟೋಪಿ ಮತ್ತು ಸೀಲುಗಳೇ ಹೊರತು ಸೆಂಟರ್ ಕ್ಯಾಪ್ ಅಲ್ಲ ಎಂಬ ಮಾತು ಸರಿ. ಆದರೆ ಕೆಸರು ಮತ್ತು ಉಪ್ಪುನೀರು ನಟ್ಟಿನ ಮೇಲೆ ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ, ಮತ್ತು ಹೆದ್ದಾರಿಯಲ್ಲಿ ಕಳಚಿದ ಮುಚ್ಚಳ ಹಿಂದೆ ಬರುವವರ ಪಾಲಿಗೆ ಅಪಾಯವಾಗುತ್ತದೆ. ಆದ್ದರಿಂದ ಅದನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮುಚ್ಚಳವನ್ನು ಹಿಡಿದಿಡುವ ವಿಧಾನ ಕಾಲದಿಂದ ಕಾಲಕ್ಕೆ ಬದಲಾಗಿದೆ. ಟ್ರಾನ್ಸ್‌ಪೋರ್ಟರಿನ ಮೊದಲ ತಲೆಮಾರಿನಲ್ಲಿ ಉಬ್ಬಿದ ತಗಡಿನ ಮುಚ್ಚಳವಿದ್ದು, ಅದನ್ನು ಹಿಡಿಯುವ ಕ್ಲಿಪ್ಪುಗಳನ್ನು ಉಕ್ಕಿನ ಗಾಲಿಗೇ ರಿವೆಟ್ ಹೊಡೆದು ಕೂರಿಸುತ್ತಿದ್ದರು. ಅಲ್ಲಿ ಕ್ಲಿಪ್ಪು ಗಾಲಿಯ ಆಸ್ತಿ, ಮುಚ್ಚಳ ಬರಿಯ ಅತಿಥಿ. ಪ್ಲಾಸ್ಟಿಕ್ ಮುಚ್ಚಳಗಳ ಕಾಲ ಬಂದಾಗ ಈ ಸಂಬಂಧ ತಿರುಗುಮುರುಗಾಯಿತು. ಮುಚ್ಚಳದ ಹಿಂಬದಿಯಲ್ಲಿ ಬೆರಳುಗಳಂತೆ ಚಾಚಿದ ಕಾಲುಗಳನ್ನು ಅಚ್ಚು ಹೊಯ್ದು, ಪ್ರತಿ ಕಾಲಿನ ತುದಿಗೆ ಒಂದು ಕೊಕ್ಕೆ ಕೊಟ್ಟು, ಆ ಕಾಲುಗಳ ಒಳಬದಿಯ ತೋಡಿನಲ್ಲಿ ಒಂದೆಡೆ ತುಂಡರಿಸಿದ ಬಳೆಯಂಥ ತಂತಿಯನ್ನು ಕೂರಿಸುವುದು ಬಳಕೆಗೆ ಬಂದಿತು. ಮುಚ್ಚಳವನ್ನು ಒತ್ತಿದಾಗ ಕಾಲುಗಳು ಒಳಕ್ಕೆ ಬಾಗಿ ಬಳೆ ಕುಗ್ಗುತ್ತದೆ, ಕೊಕ್ಕೆಗಳು ಗಾಲಿಯ ತೂತಿನ ಅಂಚನ್ನು ದಾಟಿದೊಡನೆ ಬಳೆ ಮತ್ತೆ ಅರಳಿ ಕಾಲುಗಳನ್ನು ಹೊರಕ್ಕೆ ಅದುಮುತ್ತದೆ. ಹಿಡಿತವೆಲ್ಲ ಈ ಅರಳುವ ಗುಣದಲ್ಲೇ ಇದೆ. ಸ್ಪ್ರಿಂಗಿನ ಬಾಗು ಅದರ ಮೇಲೆ ಬಿದ್ದ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಒಂದು ಮಿತಿಯವರೆಗೆ ಮಾತ್ರ ನಡೆಯುವಂಥದು. ಆ ಮಿತಿ ಮೀರಿ ಹಿಗ್ಗಿಸಿದ ಅಥವಾ ಕುಗ್ಗಿಸಿದ ಬಳೆ ಮೊದಲಿನ ಆಕಾರಕ್ಕೆ ಮರಳುವುದಿಲ್ಲ, ಕಣ್ಣಿಗೆ ಸರಿಯಾಗಿಯೇ ಕಂಡರೂ ಅದರ ಬಿಗಿ ಸತ್ತಿರುತ್ತದೆ.

ತಂತಿಯ ದಪ್ಪದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಅನೇಕರು ಗಮನಿಸುವುದಿಲ್ಲ. ದುಂಡು ತಂತಿ ಬಾಗುವುದಕ್ಕೆ ತೋರುವ ವಿರೋಧ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ 2 ಮಿಲಿಮೀಟರ್ ತಂತಿಯ ಜಾಗದಲ್ಲಿ ಅದೇ ಸುತ್ತಳತೆಯ 2.2 ಮಿಲಿಮೀಟರ್ ತಂತಿಯ ಬಳೆ ಹಾಕಿದರೆ ಬಿಗಿ ಹತ್ತನೆಯ ಒಂದು ಪಾಲಷ್ಟೇ ಹೆಚ್ಚುವುದಿಲ್ಲ, ಸುಮಾರು ಒಂದೂವರೆ ಪಟ್ಟಾಗುತ್ತದೆ, ಮತ್ತು ಹಳೆಯ ಪ್ಲಾಸ್ಟಿಕ್ಕಿನ ಕಾಲುಗಳು ಆ ಒತ್ತಡಕ್ಕೆ ಬುಡದಲ್ಲೇ ಸೀಳುತ್ತವೆ. ದಪ್ಪದ್ದೇ ಗಟ್ಟಿಯೆಂಬ ಸಾಮಾನ್ಯ ತಿಳಿವಳಿಕೆ ಈ ಕೆಲಸದಲ್ಲಿ ನಷ್ಟಕ್ಕೇ ದಾರಿ.

ಬಳೆಗಳು ಹಾಳಾಗುವುದಕ್ಕೆ ಮುಖ್ಯ ಕಾರಣ ಉಪ್ಪು. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿಯೂ ಮಹಾಸರೋವರಗಳ ಸುತ್ತಲಿನ ಸೀಮೆಯಲ್ಲಿಯೂ ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಅದರ ನೀರು ಅಲ್ಯೂಮಿನಿಯಂ ಗಾಲಿಗೂ ಉಕ್ಕಿನ ಬಳೆಗೂ ನಡುವೆ ನಿಂತಾಗ ಎರಡು ಬೇರೆ ಲೋಹಗಳು ಒಂದು ಪುಟ್ಟ ವಿದ್ಯುತ್ ಕೋಶವಾಗಿ ಮಾರ್ಪಟ್ಟು, ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗಿ ಅಂಚಿನ ಹಿಂದೆ ಗಡ್ಡೆ ಕಟ್ಟುತ್ತದೆ. ಬಳೆ ತುಕ್ಕು ಹಿಡಿದು ಮುರಿದದ್ದು ಒಂದೆಡೆಯಾದರೆ, ಬಳೆ ಚೆನ್ನಾಗಿದ್ದೂ ಈ ಗಡ್ಡೆಯಿಂದಾಗಿ ಕೊಕ್ಕೆ ಅಂಚಿನ ಹಿಂದೆ ಪೂರ್ತಿ ಇಳಿಯದೆ ಮುಚ್ಚಳ ಉದುರುವುದು ಇನ್ನೊಂದೆಡೆ. ಟಯರ್ ಅಂಗಡಿಗಳಲ್ಲಿ ಅವಸರದಿಂದ ಕಳಚಿದ ಮುಚ್ಚಳದ ಬಳೆ ನೆಲಕ್ಕೆ ಬಿದ್ದು ಗುಡಿಸಿಹೋಗುವುದೂ ಉಂಟು. ಮುಚ್ಚಳ ಕೈಯಲ್ಲಿದ್ದು ಬಳೆಯಿಲ್ಲದ ಈ ಸ್ಥಿತಿಯೇ ಹುಡುಕಾಟವನ್ನು ಹುಟ್ಟಿಸುವಂಥದು.

ಹುಡುಕಾಟದ ಮೊದಲ ಆಸರೆ ಬಿಡಿಭಾಗದ ಸಂಖ್ಯೆ, ಮತ್ತು ಫೋಕ್ಸ್‌ವ್ಯಾಗನ್ನಿನ ಸಂಖ್ಯಾಪದ್ಧತಿ ಒಂದು ಚಿಕ್ಕ ವ್ಯಾಕರಣದಂತೆ ಅಚ್ಚುಕಟ್ಟಾದದ್ದು. ಒಂಬತ್ತು ಅಂಕಿಗಳನ್ನು ಮೂರು ಮೂರರಂತೆ ಬಿಡಿಸಿ ಬರೆಯುತ್ತಾರೆ. ಮೊದಲ ಮೂರು ಅಂಕಿಗಳು ಆ ಭಾಗವನ್ನು ಮೊದಲಿಗೆ ಯಾವ ವಾಹನಕ್ಕಾಗಿ ರೂಪಿಸಿದರೆಂದು ಹೇಳುತ್ತವೆ: 211 ಹಿಂದಿನ ತಲೆಮಾರುಗಳ ವ್ಯಾನು, 251 ಈ ಮೂರನೆಯ ತಲೆಮಾರು. ನಾಲ್ಕನೆಯ ಅಂಕಿ ಮುಖ್ಯ ಗುಂಪು. 1 ಎಂದರೆ ಎಂಜಿನ್, 3 ಎಂದರೆ ಗೇರ್‌ಬಾಕ್ಸ್, 8 ಎಂದರೆ ಮೈಕಟ್ಟು, 9 ಎಂದರೆ ವಿದ್ಯುತ್ ಸಲಕರಣೆ, ಗಾಲಿ ಮತ್ತು ಬ್ರೇಕುಗಳಿಗೆ 6. ಅದರ ಮುಂದಿನ ಎರಡು ಅಂಕಿಗಳು ಉಪಗುಂಪನ್ನು ಸೂಚಿಸುವುದರಿಂದ ಗಾಲಿ ಮತ್ತು ಅದರ ಮುಚ್ಚಳಗಳ ಬಳಗವೆಲ್ಲ 601 ಎಂಬ ಮಧ್ಯದ ಅಂಕಿಗಳ ಕೆಳಗೆ ಸಿಗುತ್ತದೆ. ಕೊನೆಯ ಮೂರು ಅಂಕಿಗಳು ನಿರ್ದಿಷ್ಟ ಭಾಗದವು. ಎಡ ಬಲಗಳ ಜೋಡಿಯಿದ್ದಲ್ಲಿ ಎಡಕ್ಕೆ ಬೆಸ, ಬಲಕ್ಕೆ ಸರಿ ಸಂಖ್ಯೆ. ಅದರಾಚೆ ಬರುವ ಅಕ್ಷರ ಆ ಭಾಗ ತಿದ್ದುಪಡಿಯಾದದ್ದನ್ನೂ, ಇನ್ನೂ ಆಚೆಯ ಗುರುತು ಬಣ್ಣವನ್ನೂ ತಿಳಿಸುತ್ತವೆ. ಈ ವ್ಯಾಕರಣ ಬಲ್ಲವನಿಗೆ ಮುಚ್ಚಳದ ಹಿಂಬದಿಯಲ್ಲಿ ಅರ್ಧ ಅಳಿಸಿದ ಅಂಕಿಗಳೂ ಸಾಕಷ್ಟು ಮಾತಾಡುತ್ತವೆ. 251ರ ಬದಲು ಬೇರೆ ಅಂಕಿ ಕಂಡರೆ ಆ ಮುಚ್ಚಳ ಬೇರೊಂದು ಕಾರಿನ ಬಳಗದಿಂದ ಬಂದದ್ದೆಂದೂ, ಅದರ ಬಳೆಯನ್ನು ಆ ಕಾರಿನ ಗುಜರಿಯಲ್ಲೇ ಹುಡುಕಬಹುದೆಂದೂ ಹೊಳೆಯುತ್ತದೆ.

ಸಂಖ್ಯೆ ದೊರೆತ ಮಾತ್ರಕ್ಕೆ ವಸ್ತು ದೊರೆಯುವುದಿಲ್ಲ. ಹಳೆಯ ಮಾದರಿಗಳ ಭಾಗಗಳನ್ನು ಪೂರೈಸಲು ಫೋಕ್ಸ್‌ವ್ಯಾಗನ್ ಕಂಪನಿ ಕ್ಲಾಸಿಕ್ ಪಾರ್ಟ್ಸ್ ಎಂಬ ವಿಭಾಗವನ್ನು ಜರ್ಮನಿಯ ವೋಲ್ಫ್ಸ್‌ಬುರ್ಗ್ ನಗರದಲ್ಲಿ ನಡೆಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ತಯಾರಿಕೆ ತಡವಾಗಿ ನಿಂತ ಕಾರಣ ಅಲ್ಲಿನ ಭಾಗಗಳೂ ಅಮೆರಿಕಕ್ಕೆ ಬರುತ್ತವೆ. ಇವೆರಡೂ ಕೈಕೊಟ್ಟಾಗ ಉಳಿಯುವುದು ಅಳತೆಯ ಮಾರ್ಗ. ವರ್ನಿಯರ್ ಕ್ಯಾಲಿಪರ್ ಹಿಡಿದು ಗಾಲಿಯ ತೂತಿನ ಅಂಚಿನ ಒಳವ್ಯಾಸ, ಅಂಚಿನ ದಪ್ಪ, ಅದರ ಹಿಂದಿನ ತೋಡಿನ ವ್ಯಾಸ, ಮುಚ್ಚಳದ ಕಾಲುಗಳು ಕೂಡಿ ಮಾಡುವ ವೃತ್ತದ ಒಳವ್ಯಾಸ ಇಷ್ಟನ್ನೂ ಬರೆದುಕೊಳ್ಳಬೇಕು. ತುಕ್ಕು ತಿಂದ ತೂತು ಮೊಟ್ಟೆಯಾಕಾರಕ್ಕೆ ತಿರುಗಿರಬಹುದಾದ್ದರಿಂದ ಒಂದೊಂದು ವ್ಯಾಸವನ್ನೂ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆಯುವುದು ಒಳ್ಳೆಯ ಪದ್ಧತಿ. ಹಿಂದಿನ ಗಾಲಿಯಲ್ಲಿ ನಟ್ಟಿನ ತಲೆ ಅಂಚಿನಿಂದ ಎಷ್ಟು ಹೊರಚಾಚಿದೆ ಎಂಬುದೂ ಗೊತ್ತಿರಬೇಕು, ಇಲ್ಲದಿದ್ದರೆ ಬೇರೆ ಕಾರಿನಿಂದ ತಂದ ಮುಚ್ಚಳ ನಟ್ಟಿಗೆ ತಾಗಿ ಎಷ್ಟು ಒತ್ತಿದರೂ ಒಳಗೆ ಇಳಿಯುವುದಿಲ್ಲ. ಈ ವ್ಯಾನಿನ ಗಾಲಿಯ ಐದು ಸ್ಟಡ್ಡುಗಳು 112 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ. ಮರ್ಸಿಡಿಸ್ ಕಾರುಗಳ ಅನೇಕ ಗಾಲಿಗಳದೂ ಅದೇ ಅಳತೆಯಾದ್ದರಿಂದ ಅವನ್ನು ತಂದು ಹಾಕಿಕೊಂಡವರು ಬಹಳ ಜನ, ಅಂಥ ವ್ಯಾನುಗಳಿಗೆ ಬೇಕಾದ ಬಳೆ ಮರ್ಸಿಡಿಸ್ ಮುಚ್ಚಳದ್ದೇ. ಗಾಲಿ ಯಾವುದೋ ಬಳೆ ಅದರದು. ವಾಹನದ ಹೆಸರು ಹೇಳಿ ಬಳೆ ಕೇಳುವವನು ಅರ್ಧ ಸಂಗತಿಯನ್ನಷ್ಟೇ ಹೇಳಿದಂತಾಗುತ್ತದೆ.

ಇತ್ತೀಚೆಗೆ ಮೂರು ಆಯಾಮದ ಮುದ್ರಣ ಯಂತ್ರಗಳಿಂದ ಹೊಸ ಕ್ಲಿಪ್ಪುಗಳನ್ನು ಅಚ್ಚು ಹಾಕಿಸುವ ಪದ್ಧತಿಯೂ ಬೆಳೆದಿದೆ. ಅಲ್ಲಿ ಗಮನಿಸಬೇಕಾದದ್ದು ಬಿಸಿ. ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗತೊಡಗುತ್ತದೆ, ಎಬಿಎಸ್ ಸುಮಾರು 105 ಡಿಗ್ರಿಯವರೆಗೆ ತಾಳುತ್ತದೆ. ಇಳಿಜಾರಿನಲ್ಲಿ ಬಹಳ ಹೊತ್ತು ಬ್ರೇಕು ಹಿಡಿದ ಗಾಲಿಯ ನಡುಭಾಗದಲ್ಲಿ ಮೊದಲನೆಯದನ್ನು ನಂಬುವಂತಿಲ್ಲ. ತಂತಿಯ ಬಳೆಯನ್ನೇ ಹೊಸದಾಗಿ ಮಾಡಿಸುವುದಾದರೆ ಸ್ಪ್ರಿಂಗಿಗೆಂದೇ ಎಳೆದು ಗಟ್ಟಿಮಾಡಿದ ಸ್ಟೇನ್‌ಲೆಸ್ ತಂತಿ ಮೇಲು.

ಕೂರಿಸುವ ಕೆಲಸ ಶುಚಿಮಾಡುವುದರಿಂದ ಆರಂಭವಾಗುತ್ತದೆ. ಅಲ್ಯೂಮಿನಿಯಂ ಅಂಚನ್ನು ಉಕ್ಕಿನ ಬ್ರಷ್ಷಿನಿಂದ ಉಜ್ಜಿದರೆ ಕಬ್ಬಿಣದ ಕಣಗಳು ಅದರಲ್ಲೇ ನಾಟಿ ಮತ್ತೆ ಸವೆತಕ್ಕೆ ಬೀಜವಾಗುವುದರಿಂದ ನೈಲಾನ್ ಬ್ರಷ್ಷನ್ನು ಬಳಸಿ, ಬಿಳಿಯ ಗಡ್ಡೆಯನ್ನು ಅಂಚಿನ ಹಿಂಬದಿಯವರೆಗೂ ತೆಗೆಯಬೇಕು. ಬಳೆಯನ್ನು ಮೊದಲು ಮುಚ್ಚಳದ ಕಾಲುಗಳೊಳಗೆ ಕೂರಿಸಿ, ಅದರ ತುಂಡರಿಸಿದ ಬಾಯಿ ಯಾವ ಕಾಲಿನ ಮೇಲೂ ಬೀಳದೆ ಎರಡು ಕಾಲುಗಳ ನಡುವಿನ ಖಾಲಿ ಜಾಗಕ್ಕೆ ಬರುವಂತೆ ತಿರುಗಿಸಬೇಕು. ಬಾಯಿ ಕಾಲಿನ ಮೇಲೆ ಬಂದರೆ ಆ ಒಂದು ಕಾಲಿಗೆ ಒತ್ತಡವೇ ದೊರೆಯದೆ ಮುಚ್ಚಳ ಆ ಕಡೆಯಿಂದ ಸಡಿಲವಾಗುತ್ತದೆ. ಚಳಿಯ ದಿನಗಳಲ್ಲಿ ಹಳೆಯ ಪ್ಲಾಸ್ಟಿಕ್ಕನ್ನು ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಕಾಲುಗಳು ಮುರಿಯದೆ ಬಾಗುತ್ತವೆ. ಒತ್ತುವುದು ಅಂಗೈಯಿಂದ, ಸುತ್ತಲೂ ಸಮನಾಗಿ. ಸುತ್ತಿಗೆಯ ಅಗತ್ಯ ಬಿದ್ದಲ್ಲಿ ಅಳತೆ ತಪ್ಪಿದೆಯೆಂದೇ ತಿಳಿಯಬೇಕು. ಅಂಟು ಹಚ್ಚಿ ಮುಚ್ಚಳವನ್ನು ಶಾಶ್ವತವಾಗಿ ಕೂರಿಸುವುದು ಅತ್ಯಂತ ಕೆಟ್ಟ ಉಪಾಯ, ಏಕೆಂದರೆ ಅದರ ಹಿಂದಿನ ದೊಡ್ಡ ನಟ್ಟನ್ನೂ ಕವಲು ಪಿನ್ನನ್ನೂ ಆಗಾಗ ಪರೀಕ್ಷಿಸಲೇಬೇಕಾಗುತ್ತದೆ.

ಈ ಕೆಲಸಕ್ಕಾಗಿ ಗಾಲಿಯನ್ನೇ ಬಿಚ್ಚಿದ್ದರೆ ಅದರ ನಟ್ಟುಗಳನ್ನು ಒಂದರ ಪಕ್ಕದ ಒಂದನ್ನು ಬಿಗಿಯದೆ ನಕ್ಷತ್ರದ ಗೆರೆ ಎಳೆದಂತೆ ಎದುರುಬದುರಾಗಿ ಬಿಗಿಯುತ್ತ ಹೋಗಿ, ಕೊನೆಗೆ ಟಾರ್ಕ್ ರೆಂಚಿನಿಂದ 180 ನ್ಯೂಟನ್ ಮೀಟರಿಗೆ ನಿಲ್ಲಿಸಬೇಕು. ಸುಮಾರು 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು ರೂಢಿ. ಹೊರಡುವ ಮುನ್ನ ಮುಚ್ಚಳದಿಂದ ಗಾಲಿಯ ಮೇಲಕ್ಕೆ ಹಾಯುವಂತೆ ಸೀಮೆಸುಣ್ಣದ ಒಂದು ನೇರ ಗೆರೆ ಎಳೆದಿಟ್ಟರೆ ಬಳೆಯ ಹಿಡಿತವನ್ನೂ ಅದೇ ಹೊತ್ತಿಗೆ ತಿಳಿಯಬಹುದು. ಓಟದ ನಂತರ ಗೆರೆ ಕೂಡಿಕೊಂಡೇ ಇದ್ದರೆ ಬಳೆ ತನ್ನ ತೋಡಿನಲ್ಲಿ ಭದ್ರವಾಗಿ ಕುಳಿತಿದೆ. ಗೆರೆಯ ಎರಡು ತುಂಡುಗಳು ಬೇರೆ ಬೇರೆ ಕಡೆ ನಿಂತಿದ್ದರೆ ಮುಚ್ಚಳ ತನ್ನ ಜಾಗದಲ್ಲೇ ಜಾರಿ ತಿರುಗಿದೆ, ಕ್ಯಾಲಿಪರನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.